ಹವ್ಯಾಸವೂ ಹೊಣೆಯೂ

ಹವ್ಯಾಸವೆಂಬ ಶಬ್ದಕ್ಕೆ ಕನ್ನಡದಲ್ಲಿ ಒಳ್ಳೆಯ ಅರ್ಥವಿರುವದು. ಹೊಟ್ಟೆಪಾಡಿನ ಕೆಲಸವು ಮುಗಿದ ಮೇಲೆ ಮನುಷ್ಯನು ಮನಸ್ಸಿನ ಸಂತೋಷಕ್ಕಾಗಿ ಕೈಕೊಳ್ಳುವ ಉದ್ಯೋಗವೇ ಹವ್ಯಾಸವು. ಆದರೆ ಬೆಳಗಾವಿಯ ಸೀಮೆಯಲ್ಲಿ ಕನ್ನಡದ ನೆರೆಯಲ್ಲಿಯೇ ಕೇಳಿಬರುವ ಮರಾಠಿಯಲ್ಲಿ ಇದೇ ಶಬ್ದಕ್ಕೆ ಅತಿಯಾಸೆ, ತೀರದ ಹಂಬಲ ಎಂಬ ಅರ್ಥವಿರುವದು. ಒಂದು ಭಾಷೆಯಲ್ಲಿ ಗುಣವನ್ನು ಹೇಳುವ ಶಬ್ದವು ಇನ್ನೊಂದರಲ್ಲಿ ದೋಷವನ್ನು ಹೇಳುವದು ವಿಚಾರಕ್ಕೆ ಆಸ್ಪದಕೊಡುವ ಸಂಗತಿಯು. ಯಾಕಂದರೆ ಈ ಎರಡು ಅರ್ಥಗಳು ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ವಾಸಮಾಡುವದುಂಟು. ಯಾವ ಹೊಸ್ತಿಲನ್ನು ದಾಟಿದಾಗ ಹವ್ಯಾಸವು ಹಂಬಲವಾಗುವದು? ಇದೇ ಇಲ್ಲಿಯ ಪ್ರಶ್ನೆಯು.

ಮಲಪ್ರಭೆಯ ದಂಡೆಯ ಮೇಲೆ, ಪುಣೆ-ಬೆಂಗಳೂರು ಹೆದ್ದಾರಿಗೆ ಹೊಂದಿಕೊಂಡಿರುವ ಎಂ.ಕೆ. ಹುಬ್ಬಳ್ಳಿಯಂಥ ಊರಿನಲ್ಲಿ ಇಲೆಕ್ಟ್ರಾನಿಕ್ಸಿನ ಹವ್ಯಾಸವುಳ್ಳ ಒಬ್ಬ ಗೃಹಸ್ಥನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಇವನ ಅಜ್ಜನ ಕಾಲದಲ್ಲಿ ಈ ಹವ್ಯಾಸವು ದುರ್ಲಭವಾಗಿತ್ತು. ಧಾರವಾಡದಲ್ಲಿ ಆಕಾಶವಾಣಿಯ ನಿಲಯವು ಪ್ರಾರಂಭವಾದದ್ದು 1950ರಲ್ಲಿ. ಆಗ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳುವದಕ್ಕೂ 1933ರ ಕಾಯದೆಯ ಮೇರೆಗೆ ಸರಕಾರದ ಪರವಾನಿಗೆಯು ಬೇಕಾಗಿತ್ತು. ತಾನೇ ಒಂದು ಸಣ್ಣ ರೇಡಿಯೋವನ್ನು ಕಟ್ಟಬೇಕೆಂಬ ಹುಡುಗನು ತಂತಿ, ಸುರುಳಿಗಳಿಗಾಗಿ ದೊಡ್ಡ ಪಟ್ಟಣಗಳಿಗೆ ಅಲೆಯಬೇಕಾಗುತ್ತಿತ್ತು. ಈಗಿನ ಸ್ಥಿತಿಯು ಬೇರೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ದೊರೆಯುವ ಸಾಮಾನೆಲ್ಲವೂ ಮನೆಯ ಬಾಗಿಲಿಗೇ ಬರುವದು. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೊ ಎಂಬ ಹಲಗೆಯೂ, 2012ರಲ್ಲಿ ಇಂಗ್ಲಂಡದಲ್ಲಿ ಮಕ್ಕಳ ಕಲಿಕೆಗಾಗಿ ಹೊರಟ ರಾಸ್ಪ್‌ಬೆರಿ ಪೈ ಎಂಬ ಸಣ್ಣ ಗಣಕಯಂತ್ರವೂ ಹಳ್ಳಿಯ ಮನೆಯನ್ನು ಮುಟ್ಟಿರುವವು. ಒಂದು ಟ್ರಾನ್ಸಿಸ್ಟರಿನ ಬೆಲೆಯು ಕೆಲವೇ ರೂಪಾಯಿ. ಆದುದರಿಂದ ಗೃಹಸ್ಥನು ಬೇಕಾಗುವದಕ್ಕಿಂತ ಮೊದಲೇ ಕೊಳ್ಳುವನು. ಹೊಸ ಮಲ್ಟಿಮೀಟರು ಬಂದಿತು. ಹಳೆಯ ಸೋಲ್ಡರಿಂಗ್ ಐರನ್ ಇರುತ್ತಿರಲು ಎರಡನೆಯದೂ ಬಂದಿತು. ಕಟ್ಟನ್ನು ಬಿಚ್ಚುವಾಗಿನ ಸಂತೋಷವು ಎರಡು ದಿವಸವಿರುವದು. ಮೂರನೆಯ ದಿವಸ ಸಾಮಾನು ಡಬ್ಬಿಯನ್ನು ಸೇರುವದು.

ಇದೇ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪವು ಮಲಪ್ರಭೆಯಲ್ಲಿರುವದು. ಆ ಶರಣರ ಕಾಲದ ಒಂದು ಕಥೆಯು ಈ ಡಬ್ಬಿಗೆ ನೇರವಾಗಿ ಸಂಬಂಧಿಸುವದು. ಆಯ್ದಕ್ಕಿ ಮಾರಯ್ಯನು ಒಂದು ದಿವಸ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನಂತೆ. ಹೆಂಡತಿ ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಾದದ್ದನ್ನು ತಿರುಗಿ ಸುರಿದು ಬರಹೇಳಿದಳಂತೆ. ಈ ಅಳತೆಯನ್ನು ಹಿಡಿದರೆ ಗೃಹಸ್ಥನ ಡಬ್ಬಿಯಲ್ಲಿ ಉಳಿಯುವದು ಅಲ್ಪವೇ ಸರಿ.

ಇಲ್ಲಿ ಒಂದು ಶಂಕೆಯು ಹುಟ್ಟುವದು. ಅಕ್ಕಿಯ ಅವಶ್ಯಕತೆಯು ಹಸಿವೆಯಿಂದ ಗೊತ್ತಾಗುವದು. ಕಲಿಯುವವನ ಅವಶ್ಯಕತೆಯು ಮೊದಲೇ ಹೇಗೆ ಗೊತ್ತಾಗಬೇಕು? ಕೈಯಲ್ಲಿ ನಾಲ್ಕು ಬಗೆಯ ರೆಸಿಸ್ಟರುಗಳು ಇರದಿದ್ದರೆ ರಾತ್ರಿ ಹೊಳೆದ ಒಂದು ವಿಚಾರವನ್ನು ಬೆಳಗಾಗುವದರೊಳಗೆ ಪರೀಕ್ಷಿಸುವದು ಸಾಧ್ಯವಿಲ್ಲ. ಈ ಮಾತು ನಿಜ. ಸಂಗ್ರಹವೆಲ್ಲವೂ ಲೋಭವಲ್ಲ. ರೈತನು ಬೀಜದ ಕಾಳನ್ನು ಉಣ್ಣದೆ ಕಟ್ಟಿಡುವನು. ಅವನನ್ನು ಲೋಭಿಯೆಂದು ಯಾರೂ ಅನ್ನುವದಿಲ್ಲ. ಆದರೆ ಮಳೆ ಬಂದರೂ ಬಿತ್ತದೆ ವರುಷವರುಷ ಇಟ್ಟ ಬೀಜವು ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವದು. ಈ ಸಾಮಾನುಗಳಿಗೂ ಅದೇ ನಿಯಮವುಂಟು. ಬ್ಯಾಟರಿಯು ಕೂತಲ್ಲಿಯೇ ಸಾಯುವದು. ಇಲೆಕ್ಟ್ರೋಲಿಟಿಕ್ ಕೆಪ್ಯಾಸಿಟರು ವರುಷಗಟ್ಟಲೆ ವಿದ್ಯುತ್ತನ್ನು ಕಾಣದಿದ್ದರೆ ಅದರೊಳಗಿನ ತೆಳುವಾದ ಆಕ್ಸೈಡಿನ ಪದರು ಕೆಡುವದು. ಕೊಂಡದ್ದು ಬೀಜವೋ ಬರಿಯ ರಾಶಿಯೋ ಎಂಬದನ್ನು ಬಿತ್ತನೆಯೇ ತೋರಿಸಬೇಕು.

ಬಿತ್ತನೆಯ ಒಂದು ಉದಾಹರಣೆಯನ್ನು ನೋಡಬಹುದು. ನಳದ ನೀರು ನಿತ್ಯವೂ ಬಾರದ ಊರುಗಳಲ್ಲಿ ಮಾಳಿಗೆಯ ಮೇಲಿನ ಟಾಕಿಯು ತುಂಬಿ ಹರಿದುಹೋಗುವದು ದೊಡ್ಡ ನಷ್ಟವು. ಗೃಹಸ್ಥನು ಟಾಕಿಯಲ್ಲಿ ಎರಡು ತಂತಿಗಳನ್ನು ಇಳಿಬಿಟ್ಟನು. ನೀರು ಮೇಲಿನ ತಂತಿಯನ್ನು ಮುಟ್ಟಿದ ಕೂಡಲೆ ಅಲ್ಪವಾದ ವಿದ್ಯುತ್ತು ನೀರಿನ ಮೂಲಕ ಹರಿದು ಟ್ರಾನ್ಸಿಸ್ಟರನ್ನು ಎಚ್ಚರಿಸುವದು. ಟ್ರಾನ್ಸಿಸ್ಟರು ಅಡಿಗೆಮನೆಯ ಗಂಟೆಯನ್ನು ಬಾರಿಸುವದು. ಮನೆಯವರೆಲ್ಲರೂ ಮೆಚ್ಚಿದರು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಾಳಿಗೆಯಿಂದ ನೀರು ಸುರಿಯಿತು. ತಾಯಿಯು, "ನಿನ್ನ ಗಂಟೆ ಇಂದು ಬಾರಿಸಲಿಲ್ಲವಲ್ಲಪ್ಪಾ" ಎಂದಷ್ಟೇ ಅಂದಳು.

ಪೇಟೆಯಿಂದ ತಂದ ಯಂತ್ರವಾಗಿದ್ದರೆ ಅವನು ಅಂಗಡಿಯವನನ್ನು ಬಯ್ದು ಸಮಾಧಾನಪಡಬಹುದಾಗಿತ್ತು. ಇಲ್ಲಿ ಬಯ್ಯುವದಕ್ಕೆ ಯಾರೂ ಇಲ್ಲ. ಮಾಳಿಗೆಯನ್ನೇರಿ ನೋಡಲು ಒಂದು ತಂತಿಯು ಸವೆದು ಕರಗಿಹೋಗಿತ್ತು. ಒಂದೇ ದಿಕ್ಕಿನ ವಿದ್ಯುತ್ತು ಸದಾಕಾಲ ನೀರಿನೊಳಗೆ ಹರಿಯುತ್ತಿದ್ದರೆ ಧನಧ್ರುವದ ತಂತಿಯು ಸವೆಯುವದು ರಸಾಯನಶಾಸ್ತ್ರದ ನಿಯಮವು. ಅವನು ಇದನ್ನು ಶಾಲೆಯಲ್ಲಿ ಓದಿದ್ದನು, ಈಗ ಅರಿತನು. ತಂತಿಗಳನ್ನು ತೆಗೆದು, ನೀರಿನೊಡನೆ ಮೇಲೇಳುವ ತೇಲುಗುಂಡಿನ ಸ್ವಿಚ್ಚನ್ನು ಹಾಕಿದನು. ಆ ದಿವಸದಿಂದ ಆ ಗಂಟೆಯು ನಿಜವಾಗಿ ಅವನದಾಯಿತು.

ಒಡೆತನದ ಮರ್ಮವು ಇಲ್ಲಿರುವದು. ಕೊಳ್ಳುವವನಿಗೆ ದೂರುವ ಹಕ್ಕು ಬರುವದು; ಮಾಡುವವನು ಆ ಹಕ್ಕನ್ನು ಬಿಟ್ಟುಕೊಟ್ಟು ಉತ್ತರಕೊಡುವ ಹೊಣೆಯನ್ನು ಹೊರುವನು. ಪೇಟೆಯಲ್ಲಿ ಇದಕ್ಕಿಂತ ಸೋವಿಯಾದ ಗಂಟೆಯು ಸಿಕ್ಕುತ್ತಿರಲು ಮನೆಯಲ್ಲಿ ಯಾಕೆ ಕಟ್ಟಬೇಕೆಂದು ಲೆಕ್ಕ ಹಾಕುವವರಿಗೆ ಈ ಲಾಭವು ಕಾಣಿಸುವದಿಲ್ಲ. ಹಣದ ಲೆಕ್ಕದಲ್ಲಿ ಅವರು ಹೇಳುವದು ಬಹುಶಃ ಸರಿಯೇ. ಆದರೆ ಗೃಹಸ್ಥನು ಹಣದಿಂದ ಕೊಂಡದ್ದು ತಂತಿ, ಟ್ರಾನ್ಸಿಸ್ಟರುಗಳನ್ನು. ತಪ್ಪಿನಿಂದ ಕೊಂಡದ್ದು ತಿಳಿವಳಿಕೆಯನ್ನು. ಎರಡನೆಯದು ಅಂಗಡಿಯಲ್ಲಿ ಮಾರಾಟಕ್ಕಿಲ್ಲ.

ಹೊಣೆಯೆಂಬ ಮಾತಿಗೆ ಇನ್ನೊಂದು ಮಗ್ಗಲುಂಟು. ಈಗಿನ ಎಲ್‌ಇಡಿ ಬಲ್ಬನ್ನು ಬಿಚ್ಚಿದರೆ ಬೆಳಕಿನ ಕಾಳುಗಳು ಅನೇಕ ಬಲ್ಬುಗಳಲ್ಲಿ ಒಂದರ ಹಿಂದೊಂದು ಸರದಂತೆ ಜೋಡಿಸಲ್ಪಟ್ಟಿರುವದು ಕಾಣುವದು. ಒಂದು ಕಾಳು ಸುಟ್ಟರೆ ಸರವು ಕಡಿದು ಇಡೀ ದೀಪವು ಆರುವದು. ಬಲ್ಲವನು ಆ ಒಂದನ್ನು ಬದಲಿಸಿ ತಿಪ್ಪೆಗೆ ಹೊರಟ ದೀಪವನ್ನು ತಿರುಗಿ ಹೊತ್ತಿಸಬಲ್ಲನು. ಇದು ಸ್ತುತ್ಯವೇ. ಆದರೆ ಇಂಥ ಬಲ್ಬುಗಳ ಒಳಭಾಗವು ಬಹಳ ಮಟ್ಟಿಗೆ 230 ವೋಲ್ಟಿನ ಮನೆಯ ವಿದ್ಯುತ್ತಿಗೇ ನೇರವಾಗಿ ಹತ್ತಿರುವದು. ಅರೆತಿಳಿವಳಿಕೆಯಿಂದ ತಿದ್ದಿ ಮುಚ್ಚಳವಿಲ್ಲದೆ ತೂಗಿಬಿಟ್ಟ ದೀಪವನ್ನು ಮುಟ್ಟುವ ಕೈಯು ತಿದ್ದಿದವನದೇ ಆಗಿರಬೇಕೆಂದಿಲ್ಲ, ಅದು ಮಗುವಿನದಾಗಿರಬಹುದು. ಕಬ್ಬಿನ ಹೊಲದ ಪಂಪಿಗೆ ಫೋನಿನಿಂದ ಚಾಲನೆಕೊಡುವ ಉಪಕರಣವನ್ನು ಜೋಡಿಸಿದವನು ರಾತ್ರಿ ಕೆಸರಿನಲ್ಲಿ ನಡೆಯುವ ಶ್ರಮವನ್ನು ತಪ್ಪಿಸಿರುವನು. ಆದರೆ ಅದೇ ಹೊತ್ತಿಗೆ ಯಾರಾದರೂ ಮೋಟರಿನಲ್ಲಿ ಕೈಯಿಟ್ಟಿದ್ದರೆ? ತನ್ನ ಕೌಶಲ್ಯದ ಫಲವನ್ನು ಪರರು ಉಣ್ಣುವಂತೆ ತನ್ನ ಅಹಂಕಾರದ ಫಲವನ್ನೂ ಪರರೇ ಉಣ್ಣುವರೆಂಬದನ್ನು ಹವ್ಯಾಸಿಯು ಮರೆಯಲಾಗದು. ಎಲ್ಲಿ ತನ್ನ ಅರಿವು ಮುಗಿಯುವದೋ ಅಲ್ಲಿ ಬಲ್ಲವನನ್ನು ಕರೆಯುವದೂ ಹೊಣೆಯ ಒಂದು ಭಾಗವೇ.

ಈ ವಿಷಯವು ಒಂದು ಮನೆಯ ಗೋಡೆಗಳೊಳಗೆ ಮುಗಿಯುವಂಥದಲ್ಲ. ಕೆಟ್ಟ ಯಂತ್ರಗಳನ್ನು ತಿದ್ದಿಕೊಳ್ಳುವ ಗ್ರಾಹಕರ ಹಕ್ಕಿಗಾಗಿ ಭಾರತ ಸರಕಾರವು 2022ರ ಡಿಸೆಂಬರದಲ್ಲಿ ಒಂದು ಜಾಲತಾಣವನ್ನೇ ತೆರೆಯಿತು. ವಿದ್ಯುನ್ಮಾನ ಕಸದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಆದರೆ ತಿದ್ದುವ ಹಕ್ಕನ್ನು ಕಾಯದೆಯು ಕೊಡಬಹುದು. ತಿದ್ದುವ ಮನಸ್ಸನ್ನು ಕೊಡಲಾರದು. ಅದು ಬಿಚ್ಚಿ ನೋಡುವ ಕುತೂಹಲದಿಂದಲೂ, ಕೆಟ್ಟದ್ದಕ್ಕೆ ತಲೆಬಾಗುವ ಪ್ರಾಮಾಣಿಕತೆಯಿಂದಲೂ ಹುಟ್ಟಬೇಕು.

ಹೀಗಿರಲು ಮೊದಲಿನ ಪ್ರಶ್ನೆಗೆ ಉತ್ತರವು ಕೊಂಡ ಸಾಮಾನಿನ ಸಂಖ್ಯೆಯಲ್ಲಿ ಇಲ್ಲ. ಕೊಳ್ಳುವದರಲ್ಲಿಯೇ ಸಂತೋಷವು ಮುಗಿದರೆ ಅದು ಮರಾಠಿಯ ಹವ್ಯಾಸವು; ಕೊಂಡದ್ದು ಒಂದು ಹೊಣೆಯನ್ನು ತಂದು ಹೆಗಲಮೇಲೆ ಇಟ್ಟರೆ ಅದು ಕನ್ನಡದ ಹವ್ಯಾಸವು. ಗೃಹಸ್ಥನ ಡಬ್ಬಿಯಲ್ಲಿ ಇನ್ನೂ ಬಿಚ್ಚದ ಕಟ್ಟುಗಳಿರುವವು. ನೆರೆಮನೆಯ ಹುಡುಗನು ಅವುಗಳನ್ನು ಆಸೆಯಿಂದ ನೋಡುತ್ತಿರುವನು. ಲಕ್ಕಮ್ಮನು ಹೆಚ್ಚಾದ ಅಕ್ಕಿಯನ್ನು ತಿರುಗಿ ಕಳಿಸಿದಳು; ಇಲ್ಲಿ ಅಷ್ಟು ದೂರ ಹೋಗಬೇಕಾದ ಕಾರಣವಿಲ್ಲ. ಕಟ್ಟೊಂದನ್ನು ಆ ಹುಡುಗನ ಕೈಗೆ ಕೊಟ್ಟು, ಹತ್ತಿರ ಕೂತು, ಮೊದಲನೆಯ ಬೆಸುಗೆಯನ್ನು ಹಾಕಿಸಿದರೆ ಸಾಕು.