ವೃತ್ತಕ್ಕೆ ಒಪ್ಪದ ಚುಕ್ಕೆಗಳು

ಬೆಂಗಳೂರಿನ ಕಾಮಾಕ್ಷಿಪಾಳ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ತಯಾರಾಗುವ ಬುಷ್, ವಾಷರ್, ರಿಂಗುಗಳ ಬೆಲೆ ನಿಂತಿರುವುದು ಅವುಗಳ ದುಂಡುತನದ ಮೇಲೆ. ವರ್ನಿಯರ್, ಪ್ಲಗ್ ಗೇಜ್ ಹಿಡಿದು ಮಾಡುವ ಅದರ ತಪಾಸಣೆಗೆ ಈ ಕಾಲದಲ್ಲಿ ಕ್ಯಾಮೆರಾವೂ ಬಂದಿದೆ.

ಕ್ಯಾಮೆರಾಕ್ಕೆ ವೃತ್ತ ಕಾಣುವುದಿಲ್ಲ. ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ರಿಂಗ್ ಇಟ್ಟರೆ, ಕಪ್ಪು ಬಿಳುಪು ಕೂಡುವ ಅಂಚಿನಲ್ಲಿ ಅದಕ್ಕೆ ಸಿಗುವುದು ನೂರಾರು ಚುಕ್ಕೆಗಳಷ್ಟೆ. ಯಾವ ವೃತ್ತವೂ ಅಷ್ಟೂ ಚುಕ್ಕೆಗಳ ಮೇಲೆ ಹಾಯುವುದಿಲ್ಲ. ಹಾಗಾಗಿ ವೃತ್ತದಿಂದ ಪ್ರತಿ ಚುಕ್ಕೆಗಿರುವ ದೂರವನ್ನು ವರ್ಗ ಮಾಡಿ ಕೂಡಿದಾಗ ಮೊತ್ತ ಅತಿ ಕಡಿಮೆ ಬರುವ ವೃತ್ತವನ್ನು ಗಣಕ ಹುಡುಕುತ್ತದೆ. ಧೂಮಕೇತುಗಳ ಕಕ್ಷೆ ಲೆಕ್ಕ ಹಾಕಲೆಂದು ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ ಇದು.

ತೊಡಕಿರುವುದು ಆ ವರ್ಗದಲ್ಲೇ. ಅಂಚಿನಲ್ಲಿ ಕೂದಲೆಳೆಯಷ್ಟು ಬರ್, ಅಂದರೆ ಲೋಹದ ಸಿಗುರು, ಉಳಿದಿದೆ ಎನ್ನಿ. ಉಳಿದವುಗಳಿಗಿಂತ 10 ಪಟ್ಟು ದೂರ ಸರಿದ ಚುಕ್ಕೆಯ ಭಾರ 100 ಪಟ್ಟಾಗುತ್ತದೆ. ಅದು ವೃತ್ತವನ್ನೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಫಿಷ್ಲರ್ ಮತ್ತು ಬೋಲ್ಸ್ ಎಂಬ ಸಂಶೋಧಕರು 1981ರಲ್ಲಿ ಇದಕ್ಕೊಂದು ಉಪಾಯ ಕೊಟ್ಟರು, ಹೆಸರು ರಾನ್‌ಸ್ಯಾಕ್. ಯಾವುದೋ ಮೂರು ಚುಕ್ಕೆ ಆರಿಸಿ ವೃತ್ತ ಎಳೆಯುವುದು, ಎಷ್ಟು ಚುಕ್ಕೆಗಳು ಅದಕ್ಕೆ ಒಪ್ಪುತ್ತವೆಂದು ಎಣಿಸುವುದು, ಹೀಗೆ ಮತ್ತೆ ಮತ್ತೆ ಮಾಡಿ ಹೆಚ್ಚು ಒಪ್ಪಿಗೆ ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು. ಬರ್ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ.

ಹೀಗೆ ಸರಿದ ಚುಕ್ಕೆಗಳನ್ನು ಲೆಕ್ಕ ಕೈಬಿಡಲಿ, ನಾವು ಬಿಡಬಾರದು. ಪಿಸ್ಟನ್ನಿನ ಸೀಲ್ ಹರಿಯುವುದು ಅದೇ ಬರ್‌ನಿಂದ. ಇನ್ನೊಂದು ನಿದರ್ಶನ ನನಗೆ ಇದಕ್ಕಿಂತ ದೊಡ್ಡದು. ತೆಳು ರಿಂಗನ್ನು ಲೇತಿನ ಮೂರು ದವಡೆಯ ಹಿಡಿಕೆಯಾದ ತ್ರೀ ಜಾ ಚಕ್‌ನಲ್ಲಿ ಅತಿ ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ, ಚಕ್ ಸಡಿಲಿಸಿದ ಕ್ಷಣ ಅದು ಮೂರು ಕಡೆ ಸಣ್ಣಗೆ ಉಬ್ಬುತ್ತದೆ. ಒಂದು ಕಡೆಯ ಉಬ್ಬಿಗೆ ಎದುರು ಕಡೆಯ ತಗ್ಗು ಸರಿಹೋಗುವುದರಿಂದ, ವರ್ನಿಯರನ್ನು ಹೇಗೆ ತಿರುಗಿಸಿ ಹಿಡಿದರೂ ಹೆಚ್ಚುಕಡಿಮೆ ಒಂದೇ ಅಳತೆ. ರಿಂಗ್ ಪಾಸ್! ವೃತ್ತ ಕೂರಿಸಿ ಚುಕ್ಕೆಗಳನ್ನು ನೋಡಿದರೆ ಮಾತ್ರ ಮೂರು ಉಬ್ಬು, ನಡುವೆ ಮೂರು ತಗ್ಗು ಎದ್ದು ಕಾಣುತ್ತವೆ.

ಆದ್ದರಿಂದ ಪರದೆಯ ಮೇಲೆ ಬರೀ ವ್ಯಾಸ ಮತ್ತು ಪಾಸ್, ಫೇಲ್ ಬಂದರೆ ಸಾಲದು. ಯಾವ ಚುಕ್ಕೆ ಯಾವ ಕಡೆ ಎಷ್ಟು ಸರಿದಿದೆ ಎಂಬ ಚಿತ್ರವೂ ಲೇತ್ ಮುಂದೆ ನಿಂತವರ ಕಣ್ಣಿಗೆ ಬೀಳಬೇಕು. ಮುಂದಿನ ರಿಂಗಿಗೆ ಚಕ್ ಎಷ್ಟು ಬಿಗಿಯಬೇಕೆಂದು ತೀರ್ಮಾನಿಸುವವರು ಅವರೇ.