ಚಂದರೇವು ಸಾಲದು ಅಂದವರು

ಕರ್ತನಲ್ಲಿ ಪ್ರಿಯ ಯೌವನಸ್ಥರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದು ಇಲ್ಲಿ ಕೂತವರೇ, ಬೆಂಗಳೂರು, ಪುಣೆಯ ರೂಮುಗಳಲ್ಲಿ ಮೊಬೈಲ್ ಹಿಡಿದು ಕೇಳ್ತಾ ಇರುವವರೇ, ಬೈಬಲ್ ತೆರೆಯಿರಿ. ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ, 8ನೇ ವಚನದಿಂದ ನೋಡೋಣ.

ಕ್ರೇತ ಅನ್ನೋದು ಗ್ರೀಸ್ ದೇಶದ ಅತಿ ದೊಡ್ಡ ದ್ವೀಪ. ಅದರ ದಕ್ಷಿಣ ದಂಡೆಯಲ್ಲಿ ಒಂದು ಸಣ್ಣ ರೇವು, ಹೆಸರು ಚಂದರೇವು. ಆ ಜಾಗಕ್ಕೆ ಗ್ರೀಕರು ಇವತ್ತಿಗೂ ಅದೇ ಅರ್ಥದ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಪೌಲನು ಕೈದಿಯಾಗಿ ರೋಮಿಗೆ ಹೋಗುವಾಗ ಅವನ ಹಡಗು ನಿಂತಿದ್ದು ಅಲ್ಲಿ. ಅಲೆಕ್ಸಾಂದ್ರಿಯದಿಂದ ಗೋಧಿ ತುಂಬಿಕೊಂಡು ಬಂದ ಹಡಗು, ಒಳಗೆ 276 ಜನ.

ಕ್ರೇತಕ್ಕೆ ಹೋಗೋಕೆ ವೀಸಾ ಬೇಕು. ಆಲಮಟ್ಟಿಗೆ ಹೋಗೋಕೆ ನಿಡಗುಂದಿ ಬಸ್ಸು ಸಾಕು! 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಜಲಾಶಯ. ತುಂಬಿದರೆ ನೀರಿನ ಮಟ್ಟ 519.60 ಮೀಟರ್, ಸುಮಾರು 123 ಟಿಎಂಸಿ ನೀರು. ಕೃಷ್ಣಾ ಹೊಳೆ ಅಲ್ಲಿ ಸಮುದ್ರದ ಹಾಗೆ ಕಾಣ್ತದೆ. ಹಿನ್ನೀರಿನ ದಂಡೆಯಲ್ಲಿ ಬೋರಲು ಹಾಕಿದ ತೆಪ್ಪಗಳು, ಒಣಗಲು ಹರಡಿದ ಬಲೆಗಳು, ಅದೇ ನಮ್ಮ ಮೀನುಗಾರರ ಬಂದರು. ಯೂತ್ ಗ್ರೂಪಿನ ಜೊತೆ ಹೋದಾಗ ಒಬ್ಬ ಹಿರಿಯರನ್ನು ಕೇಳಿದೆ, “ಕಾಕಾ, ಗಾಳಿ ಬಂದ್ರ ಏನ್ ಮಾಡ್ತೀರಿ?” ಅವರು ನಕ್ಕರು. “ಗಾಳಿ ಬಿಟ್ಟ ಮ್ಯಾಲ ದಂಡಿ ಹುಡುಕಿದ್ರ ಏನ್ ಬಂತ್ರಿ ಪಾಸ್ಟರ್? ತೆಪ್ಪ ನೀರಿಗೆ ಇಳಿಸೋಕಿಂತ ಮೊದ್ಲ ನೋಡ್ಬೇಕು.” ಪೌಲನು ಚಂದರೇವಿನಲ್ಲಿ ಹೇಳಿದ್ದೂ ಇದೇ ಅಲ್ವಾ?

ಮೊದಲನೆಯದು, ಯಾರ ಮಾತು ಕೇಳ್ತೀವಿ? ಉಪವಾಸದ ದಿನ ದಾಟಿ ಹೋಗಿತ್ತು, ಚಳಿಗಾಲ ಹತ್ತಿರ. ಈಗ ಹೊರಟರೆ ಸರಕಿಗೂ ಹಡಗಿಗೂ ಪ್ರಾಣಕ್ಕೂ ನಷ್ಟ ಅಂತ ಪೌಲ ಎಚ್ಚರಿಸಿದ. ಇದು ಹೆದರಿದವನ ಮಾತಲ್ಲ. ಅಷ್ಟರೊಳಗೆ ಮೂರು ಸಲ ಹಡಗು ಒಡೆದದ್ದನ್ನು ಕಂಡವನು ಅವನು, 2 ಕೊರಿಂಥ 11:25 ಓದಿ. ಆದರೆ ಅವನ ಕೈಯಲ್ಲಿ ಬೇಡಿ ಇತ್ತು. ಶತಾಧಿಪತಿ ಹಡಗಿನ ಯಜಮಾನನನ್ನೂ ನಡೆಸುವವನನ್ನೂ ನಂಬಿದ. ಇವತ್ತೂ ಹಾಗೇ. ಫಾರಿನ್ ಕೆಲಸ ಕೊಡಿಸ್ತೀನಿ ಅನ್ನೋ ಏಜೆಂಟ್ ಮಾತು ಚಂದ ಇರ್ತದೆ. ಹೊಲ ಒತ್ತೆ ಇಡಬೇಡಪ್ಪ ಅಂತ ಅಳುವ ಅವ್ವನ ಮಾತು ಹಳೇ ಕಾಲದ್ದು ಅನಿಸ್ತದೆ. ಸಾಲದ ಆ್ಯಪ್ ಎರಡು ನಿಮಿಷದಲ್ಲಿ ಹಣ ಹಾಕ್ತದೆ. ಲಾಭ ಇರೋನ ಮಾತಿಗೂ ಪ್ರೀತಿ ಇರೋರ ಮಾತಿಗೂ ವ್ಯತ್ಯಾಸ ತಿಳಿಯಿರಿ.

ಎರಡನೆಯದು, ತಂಗಾಳಿ ಬೀಸಿತು ಅಂದ ಮಾತ್ರಕ್ಕೆ ದೇವರು ಹೂಂ ಅಂದ ಹಾಗಲ್ಲ. ನಾವಿಕರೇನೂ ದಡ್ಡರಲ್ಲ. ಚಂದರೇವು ಚಳಿಗಾಲ ಕಳೆಯೋಕೆ ಅನುಕೂಲವಾಗಿರಲಿಲ್ಲ, ಅದು ನಿಜ. ಅದೇ ದ್ವೀಪದ ಪಶ್ಚಿಮಕ್ಕೆ ಇನ್ನೂ ಒಳ್ಳೆಯ ರೇವಿತ್ತು, ಅದೂ ನಿಜ. ಹೆಚ್ಚಿನವರು ಹೋಗೋಣ ಅಂದರು. ತೆಂಕಣ ಗಾಳಿ ಮೆಲ್ಲಗೆ ಬೀಸಿತು, ನಮ್ಮ ಕೆಲಸ ಆಯ್ತು ಅಂದುಕೊಂಡು ಲಂಗರು ಎತ್ತಿದರು. ಸ್ವಲ್ಪ ಹೊತ್ತಿಗೆ ಈಶಾನ್ಯದ ಬಿರುಗಾಳಿ! ಎಷ್ಟೋ ದಿನ ಸೂರ್ಯನಿಲ್ಲ, ನಕ್ಷತ್ರಗಳಿಲ್ಲ. ಪ್ರಿಯರೇ, ಊರು ಬಿಡೋದು ಪಾಪವಲ್ಲ. ಪೌಲನೂ ರೋಮಿಗೆ ಹೋಗಲೇಬೇಕಿತ್ತು, ಅದು ದೇವರ ಚಿತ್ತ. ಹೋಗುವ ಊರು ಸರಿ ಇತ್ತು, ಹೊರಟ ಸಮಯ ತಪ್ಪಿತ್ತು. ದಾರಿ ಸುಲಭವಾಗಿ ತೆರೆಯಿತು ಅಂತ ಓಡಬೇಡಿ. ಕಾದು ಪ್ರಾರ್ಥಿಸಿ, ಹಿರಿಯರನ್ನು ಕೇಳಿ, ಕಾಗದ ಪತ್ರ ಪೂರ್ತಿ ಓದಿ, ಆಮೇಲೆ ಸಹಿ ಹಾಕಿ.

ಮೂರನೆಯದು, ಈಗಾಗಲೇ ಬಿರುಗಾಳಿಯಲ್ಲಿ ಇರುವವರಿಗೆ. ಸಾಲ ತೀರದವರು, ಮನೆಗೆ ಫೋನ್ ಮಾಡೋಕೆ ಮುಖ ಇಲ್ಲದವರು, ಇದು ನಿಮಗೆ. ಮಾತು ಕೇಳದವರ ಹಡಗಿಗೇ ದೇವರು ದೂತನನ್ನು ಕಳಿಸಿದ. ಹಡಗು ಹೋಗ್ತದೆ, ಪ್ರಾಣ ಒಂದೂ ಹೋಗಲ್ಲ ಅಂತ ವಾಗ್ದಾನ ಕೊಟ್ಟ. ಹಲ್ಲೆಲೂಯಾ! 30ರಿಂದ 32ನೇ ವಚನ ಗಮನಿಸಿ. ನಾವಿಕರು ಸಣ್ಣ ದೋಣಿ ಇಳಿಸಿ ಗುಟ್ಟಾಗಿ ಓಡಿಹೋಗೋಕೆ ನೋಡಿದರು. ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲ್ಲ ಅಂದ ಪೌಲ. ಸಿಪಾಯಿಗಳು ಕೂಡಲೇ ಹಗ್ಗ ಕತ್ತರಿಸಿದರು. ಚಂದರೇವಿನಲ್ಲಿ ಕೇಳದ ಶತಾಧಿಪತಿ, ಅವನ ಸಿಪಾಯಿಗಳು ಈಗ ಕೇಳಿದರು. ತಡವಾಗಿ ಕೇಳಿದರೂ 276 ಜನ ಉಳಿದರು. ಹಡಗು ಮಾತ್ರ ಉಳಿಯಲಿಲ್ಲ, ಅದನ್ನೂ ಮರೆಯಬೇಡಿ. ಕೆಲವು ನಷ್ಟ ತುಂಬೋದಿಲ್ಲ. ಆದರೆ ನಿನ್ನ ಪ್ರಾಣ ಆ ಹಡಗಿಗಿಂತ ದೊಡ್ಡದು, ತಮ್ಮಾ. ನಿನ್ನ ಪ್ರಾಣ ಆ ಸಾಲಕ್ಕಿಂತ ದೊಡ್ಡದು, ತಂಗಿ. ಒಬ್ಬರೇ ದೋಣಿ ಇಳಿಸಿ ಓಡಬೇಡಿ. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿ, ಇದ್ದದ್ದು ಇದ್ದಂಗೆ ಹೇಳಿ. ಹೇಳೋಕೆ ಆಗದಿದ್ದರೆ ಮೀಟಿಂಗ್ ಆದ ಮೇಲೆ ಬನ್ನಿ, ಕೂತು ಮಾತಾಡೋಣ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಹೊರಡುವ ಮುಂಚೆ ನಿನ್ನ ಸ್ವರ ಕೇಳುವ ಕಿವಿ ಕೊಡು. ಕಾಯುವ ತಾಳ್ಮೆ ಕೊಡು. ಬಿರುಗಾಳಿಯಲ್ಲಿ ಸಿಕ್ಕ ಮಕ್ಕಳನ್ನು ಒಬ್ಬರೂ ತಪ್ಪದಂತೆ ದಡ ಸೇರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.