ಉಂಡು ಮಲಗುವ ತನಕ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಬೇರೆಯವರ ಮನೆಯ ಜಗಳ ಬಿಡಿಸಲು ಮನಸ್ಸಿಲ್ಲದಾಗ ನಾವು ಈ ಗಾದೆಯ ಮೊರೆ ಹೋಗುತ್ತೇವೆ. ಪಕ್ಕದ ಮನೆಯಲ್ಲಿ ದನಿ ಏರುತ್ತದೆ, ನಾವು ಗಾದೆ ಹೇಳಿ ಕಿಟಕಿ ಮುಚ್ಚುತ್ತೇವೆ. ಪೆಟ್ಟು ತಿಂದು ತವರಿಗೆ ಬಂದವಳನ್ನು ಹಿಂದಕ್ಕೆ ಕಳಿಸಲೂ ಇದನ್ನೇ ಬಳಸಿದವರಿದ್ದಾರೆ. ಆ ಪಾಪವನ್ನು ಗಾದೆಯ ತಲೆಗೆ ಕಟ್ಟುವುದು ಬೇಡ. ನನ್ನ ತಕರಾರು ಬೇರೆ. ಜಗಳ ಉಪ್ಪು ಖಾರದ್ದಾದರೆ ಸರಿ. ದೇವರದ್ದಾದರೆ? ಉಂಡು ಮಲಗಿ ಎದ್ದ ಮೇಲೂ ಭಾನುವಾರ ಬಂದೇ ಬರುತ್ತದೆ.

ಈ ಪ್ರಶ್ನೆ ಕೇಳಲು ಅವರ್ಸಾದಂಥ ಊರೇ ಸರಿ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವಾಗ 66ನೇ ಹೆದ್ದಾರಿಯಲ್ಲಿ ಸಿಗುವ ಊರು. ಇಲ್ಲಿನ ಕಾತ್ಯಾಯನಿ ಬಾಣೇಶ್ವರ ಗೋವಾದಿಂದ ಬಂದ ದೇವರು ಎಂದು ಕುಳಾವಿಗಳು, ಅಂದರೆ ಅದನ್ನು ಕುಲದೇವರೆಂದು ನಡೆದುಕೊಳ್ಳುವವರು, ನಂಬುತ್ತಾರೆ. ಗೋವಾದಲ್ಲಿ 1560ರಲ್ಲಿ ಶುರುವಾದ, ಇಗರ್ಜಿಯ ಧರ್ಮವಿಚಾರಣೆಯಾದ ಇನ್‌ಕ್ವಿಸಿಷನ್ ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೂ ನಡೆಯಿತು. ದೇವರನ್ನು ಹೊತ್ತುಕೊಂಡು ದಕ್ಷಿಣಕ್ಕೆ ಬಂದ ಹಿಂದೂಗಳ ಕಥೆ ನಮಗೆ ಗೊತ್ತು. ಅದೇ ವಿಚಾರಣೆಗೆ ಹೆದರಿ, ಬರಕ್ಕೆ ಹೆದರಿ, ಮರಾಠರ ದಾಳಿಗೆ ಹೆದರಿ ಶಿಲುಬೆ ಹೊತ್ತುಕೊಂಡು ಇದೇ ಕರಾವಳಿಗೆ ಬಂದ ಕ್ಯಾಥೊಲಿಕರ ಕಥೆ ಅಷ್ಟಾಗಿ ಗೊತ್ತಿಲ್ಲ. ಇಬ್ಬರೂ ಬಿಟ್ಟು ಬಂದದ್ದು ಒಂದೇ ಊರುಗಳನ್ನು, ಇಬ್ಬರ ಬಾಯಲ್ಲೂ ಕೊಂಕಣಿ. ಮದುವೆಯ ಮುನ್ನಾದಿನ ಹಿಂದೂಗಳಲ್ಲಿ ಅರಿಶಿನ, ಕ್ಯಾಥೊಲಿಕರಲ್ಲಿ ತೆಂಗಿನ ಹಾಲು ಹಚ್ಚುವ ರೋಸ್. ಇಂಥ ಕಡೆ ಒಬ್ಬ ಕ್ಯಾಥೊಲಿಕ್ ಹುಡುಗನಿಗೂ ಒಬ್ಬ ಹಿಂದೂ ಹುಡುಗಿಗೂ ಮದುವೆಯಾದರೆ ಅವರಿಗೆ ಪರಸ್ಪರ ಮಾತು ಅರ್ಥವಾಗುವುದಿಲ್ಲ ಎಂಬ ತೊಂದರೆ ಇರುವುದಿಲ್ಲ. ತೀರಾ ಚೆನ್ನಾಗಿ ಅರ್ಥವಾಗುತ್ತದೆ, ಅದೇ ತೊಂದರೆ.

ಗಾದೆಯಲ್ಲಿ ಮೊದಲು ಬರುವುದು ಉಣ್ಣುವ ಮಾತು. ರಾಜಿಯಾಗಿ ಉಣ್ಣಿರಿ ಎಂದು ಅದು ಹೇಳುವುದಿಲ್ಲ, ಜಗಳದ ನಡುವೆಯೇ ಉಣ್ಣುತ್ತಾರೆ ಎಂದುಕೊಂಡಿದೆ. ಇಂಥ ಒಂದು ಮನೆಯ ಅಡುಗೆಕೋಣೆಯಲ್ಲಿ ಕೂತು ನಾನು ಕುಚಲಕ್ಕಿ ಗಂಜಿ ಉಂಡಿದ್ದೇನೆ. ಗೋಡೆಯ ಮೇಲೆ ಎರಡು ಕ್ಯಾಲೆಂಡರ್: ಒಂದು ತಿಥಿ ನಕ್ಷತ್ರದ್ದು, ಇನ್ನೊಂದು ಇಗರ್ಜಿಯದು. ಅವಳಿಗೆ ಸೋಮವಾರ ಮೀನಿಲ್ಲ, ಅವನಿಗೆ ಶುಕ್ರವಾರ ಮಾಂಸವಿಲ್ಲ. ಆದರೆ ಶುಕ್ರವಾರ ಮೀನು ನಡೆಯುತ್ತದೆ, ಇಗರ್ಜಿಯ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಶ್ರಾವಣ ಅವಳದು, ಈಸ್ಟರಿಗೆ ಮೊದಲಿನ ನಲವತ್ತು ದಿನದ ತಪಸ್ಸು ಕಾಲ ಅವನದು. 2018ರ ಫೆಬ್ರವರಿಯಲ್ಲಿ ಶಿವರಾತ್ರಿಯ ಬೆನ್ನಿಗೇ, ಆ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಬಂದಿತ್ತು. ಗೋಕರ್ಣಕ್ಕೆ ಹೋಗಿ ಬಂದವರ ಹಣೆಯಲ್ಲಿ ವಿಭೂತಿ, ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟ ಬೂದಿ ಇಗರ್ಜಿಗೆ ಹೋದವರ ಹಣೆಯಲ್ಲಿ. ಬಾಂಗಡೆ ತೊಳೆಯುತ್ತ ಆ ಮನೆಯಾಕೆ ಎರಡೂ ಕ್ಯಾಲೆಂಡರಿನತ್ತ ನೋಡಿ, ಎರಡಕ್ಕೂ ಆಕ್ಷೇಪಣೆ ಇಲ್ಲದ ದಿನ ವಾರದಲ್ಲಿ ಇಷ್ಟೇ ಇಷ್ಟು ಎಂದು ಬೆರಳು ಮಡಚಿ ತೋರಿಸಿದಳು. ಗೊಣಗಿದ್ದೂ ನಿಜ, ನಕ್ಕಿದ್ದೂ ನಿಜ. ಒಂದೇ ಒಲೆ, ಎರಡು ವ್ರತ. ಒಲೆ ಎರಡಾದ ಮನೆಗಳನ್ನೂ ಕಂಡಿದ್ದೇನೆ. ಅಲ್ಲಿ ಜಗಳದ ಸದ್ದೇ ಇರಲಿಲ್ಲ.

ಮಲಗುವ ಮಾತನ್ನು ಬಿಡೋಣ, ಅದು ಅವರಿಬ್ಬರ ವಿಷಯ. ಗಾದೆಯ ಜೀವ ಇರುವುದು ‘ತನಕ’ ಎಂಬಲ್ಲಿ. ಅದು ಜಗಳಕ್ಕೆ ಗಡುವು ಕೊಡುತ್ತದೆ. ಧರ್ಮದ ಭೇದಕ್ಕೆ ಇಂಥ ಗಡುವಿಲ್ಲ ಎಂದು ಇಗರ್ಜಿಗೂ ಗೊತ್ತು. 1917ರ ಕ್ಯಾಥೊಲಿಕ್ ಸಭಾ ಕಾನೂನಿನಲ್ಲಿ ಮಿಶ್ರ ವಿವಾಹಕ್ಕೆ ಅನುಮತಿ ಬೇಕಾದರೆ ಇಬ್ಬರೂ ಮಾತು ಕೊಡಬೇಕಿತ್ತು, ಸಾಮಾನ್ಯವಾಗಿ ಬರವಣಿಗೆಯಲ್ಲಿ: ಹುಟ್ಟುವ ಮಕ್ಕಳೆಲ್ಲ ಕ್ಯಾಥೊಲಿಕರೇ. 1970ರಲ್ಲಿ ಆರನೇ ಪಾಲ್ ಪೋಪರು ಇದನ್ನು ಸಡಿಲಿಸಿದರು. 1983ರ ಸಂಹಿತೆಯ ಪ್ರಕಾರ ಮಾತು ಕೊಡಬೇಕಾದವರು ಕ್ಯಾಥೊಲಿಕ್ ಸಂಗಾತಿ ಒಬ್ಬರೇ. ಅದೂ ‘ನನ್ನ ಕೈಲಾದಷ್ಟು ಮಾಡುತ್ತೇನೆ’ ಎಂಬ ಅರ್ಥದ ಮಾತು. ಇನ್ನೊಬ್ಬರು ಸಹಿ ಮಾಡಬೇಕಿಲ್ಲ, ಈ ಮಾತು ಅವರಿಗೆ ತಿಳಿದಿದ್ದರೆ ಸಾಕು. ಕೈಲಾದಷ್ಟು! ಸಂಸಾರ ಮಾಡಿದವರಿಗೆ ಈ ಪದದ ಅಳತೆ ಗೊತ್ತು. ಮನೆ ಮುರಿದುಹೋಗುವಷ್ಟರ ಮಟ್ಟಿಗೆ ಹಟ ಹಿಡಿಯುವುದು ಕೈಲಾದದ್ದರೊಳಗೆ ಸೇರುವುದಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಬೇರೆ ಪಂಥದ ಕ್ರೈಸ್ತರೊಡನೆ ಆಗುವ ಮದುವೆಗಳ ಬಗ್ಗೆ 1993ರಲ್ಲಿ ವ್ಯಾಟಿಕನ್ ಕೊಟ್ಟ ಮಾರ್ಗದರ್ಶಿಯೂ ಹತ್ತಿರ ಹತ್ತಿರ ಇದನ್ನೇ ಹೇಳುತ್ತದೆ: ಪ್ರಾಮಾಣಿಕವಾಗಿ ಯತ್ನಿಸಿಯೂ ಮಕ್ಕಳು ಕ್ಯಾಥೊಲಿಕರಾಗದಿದ್ದರೆ ಆ ತಂದೆ ಅಥವಾ ತಾಯಿಗೆ ಸಭೆಯ ದಂಡನೆ ಇಲ್ಲ.

ಹಳೆಯ ಕಾನೂನು ಬಿಗಿಯಾಗಿದ್ದ ಕಾಲದಲ್ಲೇ, 1937ರಲ್ಲಿ, ಉಡುಪಿ ಕಡೆಯ ಕ್ಯಾಥೊಲಿಕ್ ವಕೀಲ ಜೋಕಿಂ ಆಳ್ವ ಅಹಮದಾಬಾದಿನಲ್ಲಿ ಹುಟ್ಟಿದ ಪ್ರೊಟೆಸ್ಟೆಂಟ್ ಪಾದ್ರಿಯ ಮಗಳು ವಯೊಲೆಟ್ ಹರಿಯವರನ್ನು ಮದುವೆಯಾದರು. ಇವತ್ತು ನಮಗೆ ಎರಡೂ ‘ಕ್ರಿಶ್ಚಿಯನ್’ ಎಂದು ಒಂದೇ ಆಗಿ ಕಾಣಬಹುದು. ಆಗ ಅದು ದೊಡ್ಡ ಕಂದಕ. 1943ರಲ್ಲಿ, ಸ್ವಾತಂತ್ರ್ಯ ಹೋರಾಟದ ನಡುವೆ, ವಯೊಲೆಟ್ ಐದು ತಿಂಗಳ ಕೂಸನ್ನು ಎತ್ತಿಕೊಂಡು ಆರ್ಥರ್ ರಸ್ತೆಯ ಜೈಲಿಗೆ ಹೋದರು. 1952ರಲ್ಲಿ ಗಂಡ ಲೋಕಸಭೆಗೆ, ಹೆಂಡತಿ ರಾಜ್ಯಸಭೆಗೆ. ಜೋಕಿಂ ಆಳ್ವರನ್ನು 1952, 1957, 1962 ಹೀಗೆ ಮೂರು ಸಲ ಆರಿಸಿದ ಕೆನರಾ ಕ್ಷೇತ್ರ ಎಂದರೆ ನಮ್ಮ ಕಾರವಾರ, ಅಂಕೋಲೆಗಳೇ. ಮತ ಹಾಕಿದವರಲ್ಲಿ ಬಹುಪಾಲು ಹಿಂದೂಗಳು. ಆಳ್ವ ದಂಪತಿಯ ಮನೆಯಲ್ಲಿ ಯಾರು ಯಾವ ಪ್ರಾರ್ಥನೆ ಹೇಳುತ್ತಿದ್ದರು ಎಂಬುದು ನಮಗೆ ಬೇಡ. ಇಬ್ಬರಿಗೂ ಮೈತುಂಬ ಕೆಲಸವಿತ್ತು, ಅದು ಒಂದೇ ಕೆಲಸವಾಗಿತ್ತು. ಇದು ಸಣ್ಣ ಮಾತಲ್ಲ.

ಇಷ್ಟೆಲ್ಲ ಮದುವೆಗೆ ಮೊದಲೇ ಗೊತ್ತಿದ್ದ ಭೇದದ ಮಾತು. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಇಬ್ಬರೂ ಕ್ಯಾಥೊಲಿಕರು, ಒಂದೇ ಇಗರ್ಜಿಯಲ್ಲಿ ಉಂಗುರ ಬದಲಿಸಿದವರು. ಹತ್ತು ವರ್ಷದ ನಂತರ ಒಬ್ಬರಿಗೆ ಹೊಸ ಪ್ರಾರ್ಥನಾ ಕೂಟದ ರುಚಿ ಹತ್ತುತ್ತದೆ. ಸಂಜೆ ಎಲ್ಲರೂ ಕೂತು ಹೇಳುತ್ತಿದ್ದ ಜಪಮಾಲೆಯ ತೇರ್ಸ್ ‘ವಿಗ್ರಹಾರಾಧನೆ’ಯಾಗಿ ಕಾಣತೊಡಗುತ್ತದೆ, ಮೇರಿಮಾತೆಯ ಪಟ ಗೋಡೆಯಿಂದ ಇಳಿಯುತ್ತದೆ. ಇಲ್ಲವೆ ಒಬ್ಬರಿಗೆ ನಂಬಿಕೆಯೇ ಒಣಗುತ್ತದೆ, ಭಾನುವಾರ ಹಾಸಿಗೆ ಬಿಟ್ಟು ಏಳುವುದಿಲ್ಲ. ಈ ಭೇದಕ್ಕೆ ಬಿಷಪರ ಅನುಮತಿ ಪತ್ರವಿಲ್ಲ, ಯಾರೂ ಮೊದಲೇ ಸಿದ್ಧಪಡಿಸಿರುವುದಿಲ್ಲ. ದೇಶದ ಕಾನೂನಿಗೂ ಇದು ಕಾಣುವುದಿಲ್ಲ. 1869ರ ವಿಚ್ಛೇದನ ಕಾಯ್ದೆ, 2001ರ ತಿದ್ದುಪಡಿಯ ನಂತರ, ಸಂಗಾತಿ ಬೇರೆ ಧರ್ಮಕ್ಕೆ ಮತಾಂತರಗೊಂಡು ಕ್ರೈಸ್ತರಾಗಿ ಉಳಿಯದಿದ್ದರೆ ಅದನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತದೆ. ಪಟ ಇಳಿಸಿದವನೂ ಪಟದ ಮುಂದೆ ಅಳುವವಳೂ ಅದರ ಕಣ್ಣಿಗೆ ಕ್ರೈಸ್ತರೇ.

ಇಂಥವರಿಗೆ ಪಾದ್ರಿಗಳು ಸಂತ ಮೋನಿಕಾಳ ಕಥೆ ಹೇಳುತ್ತಾರೆ. ನಾಲ್ಕನೇ ಶತಮಾನದ ಉತ್ತರ ಆಫ್ರಿಕಾದವಳು, ಗಂಡ ಪತ್ರೀಷಿಯಸ್ ಕ್ರೈಸ್ತನಲ್ಲ, ಮುಂಗೋಪಿ. ಅವನು ಸಿಟ್ಟಿನಲ್ಲಿದ್ದಾಗ ಅವಳು ಎದುರಾಡಲಿಲ್ಲ. ಕೊನೆಗಾಲಕ್ಕೆ ಅವನೇ ದೀಕ್ಷಾಸ್ನಾನ ಪಡೆದ ಎಂದು ಮಗ ಆಗಸ್ಟೀನ್ ಬರೆದಿಟ್ಟಿದ್ದಾನೆ. ಒಳ್ಳೆಯ ಕಥೆ. ಆದರೆ ಅದನ್ನು ಹೆಂಡಂದಿರಿಗೇ ಹೇಳುವುದು ಯಾಕೆ, ಗಂಡಂದಿರನ್ನು ಕೂರಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಇದಕ್ಕಿಂತ ಬೈಬಲಿನ ಸಂತ ಪೌಲನ ಲೆಕ್ಕ ನನಗೆ ಹಿಡಿಸುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಅವನು ಗಂಡ ಹೆಂಡಿರಿಬ್ಬರಿಗೂ ಸರಿಸಮವಾಗಿ ಹೇಳುತ್ತಾನೆ: ನಂಬದ ಸಂಗಾತಿ ಕೂಡಿ ಬಾಳಲು ಒಪ್ಪಿದರೆ ಬಿಡಬೇಡ. ಅವನು ಕೇಳುವುದು ಬಾಳಲು ಒಪ್ಪಿಗೆ ಇದೆಯೇ ಎಂದು ಮಾತ್ರ. ವಾದದಲ್ಲಿ ಗೆದ್ದೆಯಾ ಎಂದು ಕೇಳುವುದಿಲ್ಲ.

ಗಾದೆಗೆ ಕಾಣುವುದು ಇಬ್ಬರೇ. ಮೂರನೆಯವರು ಬಂದಾಗ ಕನ್ನಡ ಇನ್ನೊಂದು ಗಾದೆ ತೆಗೆಯುತ್ತದೆ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಬಡವಾಗುವುದು ಎಂದರೆ ಸೊರಗುವುದು. ಎರಡು ಧರ್ಮದ ಮನೆಯ ಮಗು ಎರಡು ಹಬ್ಬದಿಂದ ಸೊರಗುವುದಿಲ್ಲ. ಚೌತಿಯಲ್ಲಿ ಅಜ್ಜಿಯ ಮನೆ, ಸೆಪ್ಟೆಂಬರ್ 8ಕ್ಕೆ ಮೇರಿಮಾತೆಯ ಹುಟ್ಟುಹಬ್ಬದಂದು ಇನ್ನೊಬ್ಬ ಅಜ್ಜಿಯ ಮನೆ. ಒಂದೇ ಋತುವಿನಲ್ಲಿ ಎರಡು ಕಡೆ ಹಬ್ಬದೂಟ ಸಿಕ್ಕರೆ ಯಾವ ಮಗು ಬೇಡವೆನ್ನುತ್ತದೆ? ಅದು ಸೊರಗುವುದು ತನ್ನನ್ನು ಪಂದ್ಯದ ಕಾಯಿಯಾಗಿ ಮಾಡಿದಾಗ. ಗುಟ್ಟಾಗಿ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದಾಗ, ಅದಕ್ಕೆ ಸೇಡಾಗಿ ಗುಟ್ಟಾಗಿ ಮುಡಿ ಕೊಡಿಸಿದಾಗ, ‘ನಿನ್ನಪ್ಪ ನರಕಕ್ಕೆ ಹೋಗುತ್ತಾನೆ’ ಎಂದು ಅದರ ಕಿವಿಯಲ್ಲಿ ಊದಿದಾಗ. ಏನು ಮಾಡಿಸುವುದಿದ್ದರೂ ಇಬ್ಬರಿಗೂ ಗೊತ್ತಿದ್ದು ಮಾಡಿಸಿ. ಅನುಮತಿಗೆ ಅಡ್ಡ ನಿಂತ ಪಾದ್ರಿ, ಮುನಿಸಿಕೊಂಡ ಸೋದರಮಾವ ಇಬ್ಬರೂ ಕಾಲ ಕಳೆದಂತೆ ಮೆತ್ತಗಾಗುತ್ತಾರೆ. ಮೋಸಹೋದ ಸಂಗಾತಿ ಮೆತ್ತಗಾಗುವುದು ಕಡಿಮೆ.

ಕೊನೆಗೆ ನೆರೆಹೊರೆಯ ನಮಗೂ ಒಂದು ಮಾತು. ನಿಮ್ಮ ಕೇರಿಯಲ್ಲಿ ಇಂಥ ಮನೆಯಿದ್ದರೆ, ಅಂಗಳದಲ್ಲಿ ಆಡುವ ಮಗುವನ್ನು ನಿಲ್ಲಿಸಿ ‘ನೀನು ಯಾರ ಪೈಕಿ’ ಎಂದು ಕೇಳಬೇಡಿ. ಊಟಕ್ಕೆ ಕರೆದರೆ ಹೋಗಿ. ಸೋಮವಾರವಾಗಿದ್ದರೆ ಮೀನು ಸಿಗುವುದಿಲ್ಲ, ಅಷ್ಟೇ.